ಕೊಲೆಸ್ಟರಾಲ್ ಮತ್ತು ಪೂರಕ ಪದಾರ್ಥಗಳು

ಕೊಲೆಸ್ಟರಾಲ್ ದೇಹದ ಶತ್ರುವಲ್ಲ. ಜೀವಕೋಶಗಳ ಪೊರೆಗೂ ಪಿತ್ತರಸದ ತಯಾರಿಕೆಗೂ ಅದು ಅವಶ್ಯಕ. ಆದರೆ ಅದರ ಎಲ್.ಡಿ.ಎಲ್. ಎಂಬ ರೂಪವು ರಕ್ತದಲ್ಲಿ ಮಿತಿಮೀರಿದರೆ ರಕ್ತನಾಳಗಳ ಗೋಡೆಯಲ್ಲಿ ಸಂಚಯವಾಗಿ ಹೃದಯಾಘಾತಕ್ಕೆ ಕಾರಣವಾಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 200ರಿಂದ 239 ಮಿಲಿಗ್ರಾಂ ಇದ್ದರೆ ಅದನ್ನು ಅಲ್ಪ ಏರಿಕೆಯೆಂದು ಎಣಿಸುವುದು ವಾಡಿಕೆ. ಇಂಥವರಲ್ಲಿ ಅನೇಕರು ಗುಳಿಗೆಗೆ ಅಂಜಿ ಅಂಗಡಿಯ ಪೂರಕ ಪದಾರ್ಥಗಳನ್ನು ನೆಚ್ಚುತ್ತಾರೆ. ಅವೆಲ್ಲವೂ ಒಂದೇ ತೂಕದವಲ್ಲ.

ಇಸಬಗೋಲಿನ ಹೊಟ್ಟಿನ ನಾರು ನೀರಿನಲ್ಲಿ ಲೋಳೆಯಾಗಿ, ಕರುಳಿನಲ್ಲಿರುವ ಪಿತ್ತಾಮ್ಲಗಳನ್ನು ಹಿಡಿದು ಹೊರಸಾಗಿಸುತ್ತದೆ. ಆ ಕೊರತೆಯನ್ನು ತುಂಬಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ದಿನಕ್ಕೆ ಸುಮಾರು 10 ಗ್ರಾಂನಂತೆ, ಸಾಕಷ್ಟು ನೀರಿನೊಡನೆ ಸೇವಿಸಿದರೆ ಎಲ್.ಡಿ.ಎಲ್. ಶೇಕಡಾ 5ರಿಂದ 10ರಷ್ಟು ತಗ್ಗಬಹುದು.

ಚೀನಾದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕೆಂಪು ಯೀಸ್ಟ್ ಅಕ್ಕಿಯ ವಿಚಾರ ಬೇರೆ. ಅದನ್ನು ಹುದುಗಿಸುವ ಶಿಲೀಂಧ್ರದ ಕುಲದಿಂದಲೇ ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1979ರಲ್ಲಿ ಮೊನಾಕೊಲಿನ್-ಕೆ ಎಂಬ ವಸ್ತುವನ್ನು ಬೇರ್ಪಡಿಸಿದರು. ಲೊವಾಸ್ಟಾಟಿನ್ ಎಂಬ ಔಷಧವೂ ಅದೇ ವಸ್ತು. ಆದುದರಿಂದ ಅದನ್ನು ಬರಿಯ ಆಹಾರವೆಂದು ನುಂಗುವವನು ಅಳತೆಯರಿಯದ ಔಷಧವನ್ನೇ ನುಂಗಿದಂತಾಗುತ್ತದೆ. ಸ್ನಾಯುನೋವು, ಯಕೃತ್ತಿನ ಬಾಧೆಗಳ ಅಪಾಯವೂ ಅದರೊಡನೆ ಬರುತ್ತದೆ.

2022ರಲ್ಲಿ ಅಮೆರಿಕದಿಂದ ಪ್ರಕಟವಾದ 28 ದಿನಗಳ ಪ್ರಯೋಗವೊಂದರಲ್ಲಿ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ, ಸಸ್ಯಸ್ಟೆರಾಲ್ ಹಾಗೂ ಕೆಂಪು ಯೀಸ್ಟ್ ಅಕ್ಕಿಯ ಪೂರಕಗಳಲ್ಲಿ ಯಾವುದೂ ಔಷಧವಿಲ್ಲದ ಹುಸಿಗುಳಿಗೆಗಿಂತ ಗಣನೀಯವಾಗಿ ಮೇಲೆನಿಸಲಿಲ್ಲ. 5 ಮಿಲಿಗ್ರಾಂ ರೋಸುವಾಸ್ಟಾಟಿನ್ ಮಾತ್ರ ಎಲ್.ಡಿ.ಎಲ್.ಅನ್ನು ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ತಗ್ಗಿಸಿತು.

ಅಡುಗೆಯ ಬೆಳ್ಳುಳ್ಳಿ, ಅರಿಶಿನಗಳು ರುಚಿಗೆ ಇರಲಿ. ನಾರುಳ್ಳ ಆಹಾರವೂ ನಿತ್ಯದ ನಡಿಗೆಯೂ ನಿಜಕ್ಕೂ ಹಿತಕರ. ಆದರೆ ಪೂರಕವನ್ನು ನೆಚ್ಚಿ ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡುವುದು ಸಲ್ಲದು.