ಹಳೆಯ ಮೋಟಾರು ವಾಹನಗಳಲ್ಲಿ ಕಂಪನದ ಮೂಲಶೋಧ: ಅಂಬಾಸಡರ್ ಕಾರಿನ ನಿದರ್ಶನ

ಭಾರತದ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಸಂಚರಿಸಿದ ಅಂಬಾಸಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ ರೂಪುಗೊಂಡ ವಾಹನ. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭವಾದ ಇದರ ತಯಾರಿಕೆ 2014ರಲ್ಲಿ ನಿಂತಿತು. ಮುಂಭಾಗದಲ್ಲಿ ಉದ್ದುದ್ದವಾಗಿ ಕೂರಿಸಿದ ನಾಲ್ಕು ಸಿಲಿಂಡರುಗಳ ಎಂಜಿನ್, ಅದರ ಹಿಂದೆ ಕ್ಲಚ್ ಮತ್ತು ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ವರೆಗೆ ಚಾಚಿದ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲನ್ನು ಹೊತ್ತ ಕಮಾನು ಪಟ್ಟಿಗಳು, ಇವು ಈ ಕಾರಿನ ಮುಖ್ಯ ಅಂಗಗಳು. ಆ ಕಾಲದ ಬಹುಪಾಲು ಕಾರುಗಳ ರಚನೆಯೂ ಇದೇ ಆದುದರಿಂದ, ಅಂಬಾಸಡರನ್ನು ಕುರಿತು ಹೇಳುವ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಇಂತಹ ಕಾರುಗಳಲ್ಲಿ ಮತ್ತೆ ಮತ್ತೆ ಎದುರಾಗುವ, ಆದರೆ ಮೂಲ ಸುಲಭವಾಗಿ ಪತ್ತೆಯಾಗದ ದೋಷವೆಂದರೆ ಕಂಪನ. ಒಂದು ನಿರ್ದಿಷ್ಟ ವೇಗ ತಲುಪಿದೊಡನೆ ನೆಲ ಅದುರುತ್ತದೆ, ಸ್ಟಿಯರಿಂಗ್ ನಡುಗುತ್ತದೆ, ಕನ್ನಡಿಯಲ್ಲಿನ ಬಿಂಬ ಕದಡುತ್ತದೆ. ಅನುಮಾನ ಬಂದ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು ರೂಢಿಯಲ್ಲಿರುವ ಕ್ರಮ. ಇದರಿಂದ ಹಣ ಪೋಲಾಗುವುದು ಒಂದು ಕಡೆಯಾದರೆ, ಕಾರ್ಖಾನೆಯಿಂದ ಬಂದ ಮೂಲ ಭಾಗಗಳು ಗುಜರಿಗೆ ಸೇರುವುದು ಇನ್ನೊಂದು ಕಡೆ. 50 ವರ್ಷಕ್ಕೂ ಹಳೆಯದಾದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ‘ವಿಂಟೇಜ್’ ಮನ್ನಣೆ ನೀಡುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನ ಗಣನೀಯ ಮಾರ್ಪಾಡು ಆ ಮನ್ನಣೆಗೆ ಅಡ್ಡಿಯಾಗುತ್ತದೆ. ತಪ್ಪು ನಿದಾನದಿಂದ ಎಂಜಿನ್ನನ್ನೇ ಬದಲಿಸಿದವರು ಕಳೆದುಕೊಳ್ಳುವುದು ಕಡಿಮೆಯಲ್ಲ. ದೋಷವಿರುವುದು ಶಾಫ್ಟಿನಲ್ಲಾಗಿದ್ದರೆ, ಅಷ್ಟಾದ ಮೇಲೂ ನಡುಕ ಹಾಗೆಯೇ ಉಳಿದಿರುತ್ತದೆ. ಸವೆದ ಜಾಯಿಂಟ್ ಓಡುವಾಗಲೇ ಮುರಿದರೆ ಪ್ರಾಣಾಪಾಯವೂ ಉಂಟು.

ಕಂಪನ ಎಲ್ಲಿ ಅನುಭವಕ್ಕೆ ಬರುತ್ತದೆ ಎಂಬುದು ನಿದಾನಕ್ಕೆ ಸಾಕಾಗುವುದಿಲ್ಲ. ಅದು ಯಾವ ಭಾಗದ ವೇಗವನ್ನು ಅನುಸರಿಸುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

1. ಮೂರು ಬಗೆಯ ವೇಗಗಳು

ಓಡುತ್ತಿರುವ ಕಾರಿನಲ್ಲಿ ಮೂರು ಬಗೆಯ ಪರಿಭ್ರಮಣಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ: ಎಂಜಿನ್ನಿನದು, ಪ್ರೊಪೆಲ್ಲರ್ ಶಾಫ್ಟಿನದು ಮತ್ತು ಚಕ್ರಗಳದು. ಲೆಕ್ಕದ ಅನುಕೂಲಕ್ಕಾಗಿ ಟಯರಿನ ಸುತ್ತಳತೆ 2 ಮೀಟರ್, ಕ್ರೌನ್-ಪಿನಿಯನ್ ಅನುಪಾತ 4.5 ಎಂದಿಟ್ಟುಕೊಳ್ಳಬಹುದು. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್; ಆದ್ದರಿಂದ ಚಕ್ರ ನಿಮಿಷಕ್ಕೆ 500 ಸುತ್ತು, ಶಾಫ್ಟ್ 2250 ಸುತ್ತು ತಿರುಗುತ್ತವೆ. ನಾಲ್ಕು ಗೇರುಗಳ ಪೆಟ್ಟಿಗೆಯ ಟಾಪ್ ಗೇರಿನಲ್ಲಿ ಚಾಲನೆ ನೇರವಾಗಿ ಸಾಗುವುದರಿಂದ ಎಂಜಿನ್ ಕೂಡ 2250 ಸುತ್ತುಗಳಲ್ಲೇ ಇರುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ಚಕ್ರದ ಆವೃತ್ತಿ ಸುಮಾರು 8 ಹರ್ಟ್ಸ್, ಶಾಫ್ಟ್ ಮತ್ತು ಎಂಜಿನ್ನಿನ ಆವೃತ್ತಿ 37.5 ಹರ್ಟ್ಸ್.

ಚಕ್ರದ ಅಸಮತೋಲನವನ್ನು ಗುರುತಿಸುವುದು ಕಷ್ಟವಲ್ಲ. ಅದು ನಿಧಾನಗತಿಯ, ಎಣಿಸಬಹುದೆನ್ನಿಸುವಂಥ ಅಲುಗಾಟ. ಮುಂದಿನ ಚಕ್ರಗಳದಾದರೆ ಸ್ಟಿಯರಿಂಗ್ ಮೂಲಕ, ಹಿಂದಿನ ಚಕ್ರಗಳದಾದರೆ ಸೀಟಿನ ಮೂಲಕ ಸಾಮಾನ್ಯವಾಗಿ ತಿಳಿಯುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಕಾರುಗಳ ಟಯರುಗಳು ನೆಲಕ್ಕೊತ್ತಿದ ಕಡೆ ಚಪ್ಪಟೆಯಾಗಿ ಇದೇ ಬಗೆಯ ಅಲುಗಾಟವನ್ನು ಉಂಟುಮಾಡುತ್ತವೆ. ಕೆಲವು ಕಿಲೋಮೀಟರ್ ಓಡಿ ಟಯರು ಬಿಸಿಯಾದ ಮೇಲೆ ಅದು ತಗ್ಗಿದರೆ ಬೇರೆ ದೋಷವನ್ನು ಹುಡುಕಬೇಕಾಗಿಲ್ಲ. ತೊಡಕು ಇರುವುದು ಟಾಪ್ ಗೇರಿನಲ್ಲಿ ಒಂದೇ ವೇಗದಲ್ಲಿ ತಿರುಗುವ ಎಂಜಿನ್ ಮತ್ತು ಶಾಫ್ಟುಗಳನ್ನು ಬೇರ್ಪಡಿಸಿ ನೋಡುವುದರಲ್ಲಿ.

2. ಎಂಜಿನ್ನಿನ ಕಂಪನ

ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಎರಡು ಪಿಸ್ಟನ್‌ಗಳು ಮೇಲೇರುವಾಗ ಉಳಿದೆರಡು ಕೆಳಗಿಳಿಯುತ್ತವೆ. ಹೀಗಾಗಿ ಪ್ರತಿ ಸುತ್ತಿಗೆ ಒಮ್ಮೆ ಉಂಟಾಗುವ ಜಡತ್ವದ ಬಲಗಳು ಪರಸ್ಪರ ರದ್ದಾಗುತ್ತವೆ. ಆದರೆ ಕನೆಕ್ಟಿಂಗ್ ರಾಡ್ ವಾಲುತ್ತ ಚಲಿಸುವುದರಿಂದ ಪಿಸ್ಟನ್ನಿನ ಗತಿ ಮೇಲರ್ಧದಲ್ಲಿ ಹೆಚ್ಚು, ಕೆಳಗಿನ ಅರ್ಧದಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಹುಟ್ಟುವ, ಸುತ್ತಿಗೆ ಎರಡು ಬಾರಿ ಎರಗುವ ಬಲಗಳು ರದ್ದಾಗದೆ ನಾಲ್ಕೂ ಸಿಲಿಂಡರುಗಳಲ್ಲಿ ಕೂಡಿಕೊಳ್ಳುತ್ತವೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಇದು ದೋಷವಲ್ಲ, ಆ ರಚನೆಯ ಸಹಜ ಗುಣ. ಅದನ್ನು ಮೈಕಟ್ಟಿಗೆ ತಲಪದಂತೆ ತಡೆಯುವ ಹೊಣೆ ರಬ್ಬರಿನ ಮೌಂಟಿಂಗುಗಳದು. ಎಣ್ಣೆ ಕುಡಿದು ಮೆತ್ತಗಾದ ಅಥವಾ ವಯಸ್ಸಾಗಿ ಕಲ್ಲಿನಂತಾದ ಮೌಂಟಿಂಗುಗಳಿದ್ದಲ್ಲಿ ಆರೋಗ್ಯವಂತ ಎಂಜಿನ್ ಕೂಡ ಕೆಟ್ಟ ಎಂಜಿನ್ನಿನಂತೆ ತೋರುತ್ತದೆ.

ನಿಜವಾದ ದೋಷಗಳ ಲಕ್ಷಣ ಬೇರೆ. ನಿಮಿಷಕ್ಕೆ 800 ಸುತ್ತುಗಳಲ್ಲಿ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು 27 ಬಾರಿ ದಹನ ನಡೆಯಬೇಕು. ಒಂದು ಸಿಲಿಂಡರು ಕೈಕೊಟ್ಟರೆ ಎರಡು ಸುತ್ತಿಗೊಮ್ಮೆ, ಎಂದರೆ ಸೆಕೆಂಡಿಗೆ 7ಕ್ಕೂ ಕಡಿಮೆ ಬಾರಿ, ಎಂಜಿನ್ ತಡವರಿಸುತ್ತದೆ. ಪ್ಲಗ್ಗುಗಳ ಸಂಪರ್ಕವನ್ನು ಒಂದಾದ ಮೇಲೊಂದರಂತೆ ತಪ್ಪಿಸಿ ನೋಡಿದಾಗ, ಯಾವುದನ್ನು ತಪ್ಪಿಸಿದರೂ ಓಟದಲ್ಲಿ ಬದಲಾವಣೆ ಕಾಣದೋ ಅದೇ ದುರ್ಬಲ ಸಿಲಿಂಡರು. ಬಳಿಕ ಪ್ಲಗ್, ಪಾಯಿಂಟ್, ವಾಲ್ವ್ ಅಂತರ, ಕಂಪ್ರೆಷನ್ ಇವುಗಳ ತಪಾಸಣೆ ಸರದಿಯಂತೆ ನಡೆಯಬೇಕು. ಎಂಜಿನ್ನಿನ ವೇಗದೊಂದಿಗೇ ಏರುವ, ಸುತ್ತಿಗೊಂದರಂತೆ ಬರುವ ನಡುಕವಾದರೆ ಫ್ಲೈವೀಲ್, ಕ್ಲಚ್ ಕವರ್ ಅಥವಾ ಬಾಗಿದ ಫ್ಯಾನ್ ಅಲಗುಗಳತ್ತ ಗಮನ ಹರಿಸಬೇಕಾಗುತ್ತದೆ. ತಣ್ಣನೆಯ ಎಂಜಿನ್ನನ್ನು ಫ್ಯಾನ್ ಬೆಲ್ಟ್ ತೆಗೆದು ಅರ್ಧ ನಿಮಿಷ ಓಡಿಸಿದರೆ ಫ್ಯಾನಿನ ಪಾತ್ರ ತಿಳಿದುಬಿಡುತ್ತದೆ.

3. ಶಾಫ್ಟ್ ಮತ್ತು ಜಾಯಿಂಟುಗಳ ಕಂಪನ

ಶಾಫ್ಟಿನ ಎರಡೂ ತುದಿಗಳಲ್ಲಿರುವ, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಕ್ರಾಸ್’ ಎನಿಸಿಕೊಂಡ ಯುನಿವರ್ಸಲ್ ಜಾಯಿಂಟಿಗೆ 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರೂ ಉಂಟು. ಈ ಜಾಯಿಂಟು ಕೋನದಲ್ಲಿ ತಿರುಗುವಾಗ ಒಂದು ಬದಿಯ ವೇಗ ಸ್ಥಿರವಾಗಿದ್ದರೂ ಮತ್ತೊಂದು ಬದಿಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. ಕೋನ 3 ಡಿಗ್ರಿಯಾಗಿದ್ದರೆ ಈ ಏರಿಳಿತ ಶೇಕಡಾ 0.14ರಷ್ಟು, 10 ಡಿಗ್ರಿಯಾದರೆ ಶೇಕಡಾ 1.5ರಷ್ಟು. ಕೋನ ಮೂರು ಪಟ್ಟಿಗಿಂತ ತುಸು ಹೆಚ್ಚಾದರೆ ಏರಿಳಿತ ಹತ್ತು ಪಟ್ಟನ್ನೂ ಮೀರುತ್ತದೆಂಬುದು ಗಮನಾರ್ಹ. ಎರಡೂ ಜಾಯಿಂಟುಗಳ ಕೋನಗಳು ಸಮವಾಗಿದ್ದು, ಶಾಫ್ಟಿನ ಎರಡು ತುದಿಗಳ ಕವಲುಗಳು ಒಂದೇ ಸಮತಲದಲ್ಲಿದ್ದರೆ, ಮುಂದಿನ ಜಾಯಿಂಟು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ.

ಈ ಹೊಂದಾಣಿಕೆ ತಪ್ಪುವ ಬಗೆಗಳು ಹಲವು. ಕಮಾನು ಪಟ್ಟಿಗಳು ಕುಸಿದಾಗ, ಗೇರ್‌ಬಾಕ್ಸ್ ಮೌಂಟಿಂಗ್ ಜಗ್ಗಿದಾಗ, ಮೂಲ ಎಂಜಿನ್ನಿನ ಸ್ಥಾನದಲ್ಲಿ ಬೇರೊಂದನ್ನು ಕೂರಿಸಿದಾಗ ಕೋನಗಳು ಬದಲಾಗುತ್ತವೆ. ಎರಡು ತುಂಡುಗಳು ಒಂದರೊಳಗೊಂದು ಜಾರುವಂತಿರುವ ಶಾಫ್ಟುಗಳನ್ನು ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೂ ಕವಲುಗಳ ಸಮತಲ ತಪ್ಪುತ್ತದೆ. ಬಿಚ್ಚುವ ಮೊದಲೇ ಪಂಚಿನಿಂದ ಗುರುತು ಮಾಡುವ ಹಳೆಯ ಪದ್ಧತಿಯ ಹಿಂದಿರುವ ತರ್ಕ ಇದೇ. ಇವಲ್ಲದೆ ಶಾಫ್ಟು ಬಾಗಿರುವುದು, ಕೊಳವೆ ನುಗ್ಗಾಗಿರುವುದು, ಬೆಸುಗೆ ಹಾಕಿದ ತೂಕದ ತುಣುಕು ಉದುರಿರುವುದು ಸುತ್ತಿಗೊಮ್ಮೆ ನಡುಕ ತರುವ ಕಾರಣಗಳು.

60 ಕಿಲೋಮೀಟರ್ ವೇಗದಲ್ಲಿ ಜಾಯಿಂಟಿನ ಏರಿಳಿತ 75 ಹರ್ಟ್ಸ್. ಟಾಪ್ ಗೇರಿನಲ್ಲಿ ಎಂಜಿನ್ನಿನ ದಹನದ ಆವೃತ್ತಿಯೂ 75 ಹರ್ಟ್ಸ್. ಎರಡೂ ಒಂದೇ ಆಗಿರುವಾಗ ನುರಿತ ಕಿವಿಯಾಗಲಿ ಉಪಕರಣವಾಗಲಿ ಆವೃತ್ತಿಯ ಆಧಾರದಿಂದ ಇವುಗಳನ್ನು ಬೇರ್ಪಡಿಸಲಾರವು.

4. ಪರೀಕ್ಷೆಯ ಕ್ರಮ

ಬೇರ್ಪಡಿಸುವ ಕೆಲಸವನ್ನು ಮಾಡಬಲ್ಲದ್ದು ಗೇರ್‌ಬಾಕ್ಸ್. ಮೂರನೆಯ ಗೇರಿನ ಅನುಪಾತ 1.5 ಎಂದುಕೊಂಡರೆ, 40 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಮತ್ತೆ 2250 ಸುತ್ತುಗಳಲ್ಲಿರುತ್ತದೆ, ಶಾಫ್ಟ್ ಮಾತ್ರ 1500ಕ್ಕೆ ಇಳಿದಿರುತ್ತದೆ. ಟಾಪ್ ಗೇರಿನ 60ರಲ್ಲಿ ಕಂಡ ನಡುಕ ಮೂರನೆಯ ಗೇರಿನ 40ರಲ್ಲಿ ಮರುಕಳಿಸಿದರೆ ಅದು ಎಂಜಿನ್ನಿಗೆ ಸೇರಿದ್ದು. 40ರಲ್ಲಿ ಕಾಣದೆ, ಮೂರನೆಯ ಗೇರಿನಲ್ಲಿಯೂ 60ಕ್ಕೇ ಕಾಣಿಸಿದರೆ ಅದು ಶಾಫ್ಟ್, ಆಕ್ಸಲ್ ಅಥವಾ ಚಕ್ರಗಳಿಗೆ ಸೇರಿದ್ದು. ಕೆಳಗಿನ ಗೇರುಗಳಲ್ಲಿದ್ದು ಟಾಪ್ ಗೇರಿನಲ್ಲಿ ಮಾಯವಾದರೆ ಗೇರ್‌ಬಾಕ್ಸಿನ ಒಳಗಿನ ಉಪದಂಡದ ಬೇರಿಂಗುಗಳನ್ನು ಶಂಕಿಸಬೇಕು. ನೇರ ಚಾಲನೆಯಲ್ಲಿ ಅವುಗಳ ಮೇಲೆ ಭಾರ ಬೀಳುವುದಿಲ್ಲ.

ಎರಡನೆಯ ಪರೀಕ್ಷೆಯನ್ನು ನಿಂತ ಕಾರಿನಲ್ಲೇ ಮಾಡಬಹುದು. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಶಂಕಿತ ವೇಗಕ್ಕೆ ಏರಿಸಿದಾಗ ನಡುಕ ಬಂದರೆ ಎಂಜಿನ್ನೇ ಮೂಲ. ಮೂರನೆಯದು ನಿರ್ಜನವಾದ ಸಮತಟ್ಟು ರಸ್ತೆಯಲ್ಲಿ ಮಾಡತಕ್ಕದ್ದು. ಶಂಕಿತ ವೇಗ ತಲಪಿದ ಮೇಲೆ ನ್ಯೂಟ್ರಲ್‌ಗೆ ತಂದು, ಎಂಜಿನ್ನನ್ನು ಆರಿಸದೆ, ಕಾರನ್ನು ತಾನಾಗಿ ಸಾಗಲು ಬಿಡಬೇಕು. ನಡುಕ ಮುಂದುವರಿದರೆ ಎಂಜಿನ್ ನಿರ್ದೋಷಿ. ನಿಂತುಹೋದ ಮಾತ್ರಕ್ಕೆ ಎಂಜಿನ್ನೇ ದೋಷಿಯೆಂದು ತೀರ್ಮಾನಿಸಲಾಗದು. ಚಾಲನೆಯ ಭಾರದಲ್ಲಿ ಕಮಾನು ಪಟ್ಟಿಗಳು ತಿರುಚಿ ಪಿನಿಯನ್ನಿನ ಮೂತಿ ಮೇಲೇಳುವುದರಿಂದ, ಭಾರವಿದ್ದಾಗಷ್ಟೇ ತಲೆದೋರುವ ಜಾಯಿಂಟಿನ ಕಂಪನವೂ ಈ ಸ್ಥಿತಿಯಲ್ಲಿ ಅಡಗುತ್ತದೆ. ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳನ್ನು ಕೂಡಿಸಿ ಓದಬೇಕಾದುದು ಈ ಕಾರಣದಿಂದ.

ಶಾಫ್ಟಿನ ಮೇಲಿನ ಶಂಕೆ ಬಲವಾದರೆ ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಪರೀಕ್ಷಿಸಬಹುದು. ಆಧಾರವನ್ನು ಚಾಸಿಗೆ ಕೊಡದೆ ಆಕ್ಸಲ್ಲಿನ ಕೆಳಗೆ ಕೊಡಬೇಕು. ಆಕ್ಸಲ್ ತೂಗಾಡುವಂತಾದರೆ ಜಾಯಿಂಟಿನ ಕೋನವೇ ಬದಲಾಗಿ ಇಲ್ಲದ ದೋಷ ಹುಟ್ಟಿಕೊಳ್ಳುತ್ತದೆ. ಒಂದೇ ಚಕ್ರ ಎತ್ತಿದರೆ ಡಿಫರೆನ್ಷಿಯಲ್ಲಿನ ಗುಣದಿಂದ ಅದು ಇಮ್ಮಡಿ ವೇಗದಲ್ಲಿ ತಿರುಗುವುದರಿಂದ ಎರಡನ್ನೂ ಎತ್ತಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರಿನ ಕೆಳಗೆ ಯಾರೂ ಇಲ್ಲದಂತೆ ನೋಡಿಕೊಳ್ಳುವುದು ಅತ್ಯಗತ್ಯ. ಚಕ್ರಗಳನ್ನು ಕಳಚಿ, ಡ್ರಮ್ಮುಗಳನ್ನು ನಟ್ಟುಗಳಿಂದ ಬಿಗಿದು ಮತ್ತೆ ಓಡಿಸಿದಾಗ ನಡುಕ ಉಳಿದರೆ ದೋಷ ಶಾಫ್ಟ್, ಜಾಯಿಂಟು ಅಥವಾ ಆಕ್ಸಲ್ಲಿನ ಒಳಭಾಗಕ್ಕೆ ಸೀಮಿತವಾಗುತ್ತದೆ.

5. ಉಪಕರಣಗಳ ಮಿತಿ

ಮೊಬೈಲ್ ಫೋನಿನ ಸಂವೇದಕ ಇಂದು ಕಂಪನದ ಆವೃತ್ತಿಯನ್ನು ತೋರಿಸಬಲ್ಲದು. ಆದರೆ ಸೆಕೆಂಡಿಗೆ 100 ಬಾರಿ ಅಳೆಯುವ ಸಂವೇದಕ 50 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ಸರಿಯಾಗಿ ಗ್ರಹಿಸುತ್ತದೆ. 75 ಹರ್ಟ್ಸ್ ಕಂಪನ ಅದರಲ್ಲಿ 25 ಹರ್ಟ್ಸ್ ಎಂದು ಸುಳ್ಳಾಗಿ ಕಾಣಿಸೀತು. ಕಾರಿನ ವೇಗಮಾಪಕವನ್ನೂ ಕಣ್ಮುಚ್ಚಿ ನಂಬಲಾಗದು. ಟಯರಿನ ಅಳತೆ ಅಥವಾ ಆಕ್ಸಲ್ಲಿನ ಅನುಪಾತ ಹಿಂದೆಂದೋ ಬದಲಾಗಿದ್ದರೆ ಅದು ತೋರುವ ಅಂಕಿಯೂ ತಪ್ಪಿರುತ್ತದೆ.

ಅನುರಣನೆಯ ಸಾಧ್ಯತೆಯನ್ನೂ ಮರೆಯುವಂತಿಲ್ಲ. ಹೊರಗಿನ ಬಲದ ಆವೃತ್ತಿ ಒಂದು ಭಾಗದ ಸಹಜ ಆವೃತ್ತಿಗೆ ಸರಿಹೊಂದಿದಾಗ ಆ ಭಾಗ ಅತಿಯಾಗಿ ಅದುರುತ್ತದೆ. ಸೈಲೆನ್ಸರಿನ ಕೊಳವೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಅದುರಿ ಮತ್ತೆ ಸುಮ್ಮನಾದರೆ, ಕೊಳವೆ ಪ್ರತಿಸ್ಪಂದಿಸುತ್ತಿದೆಯೆಂದಷ್ಟೇ ಅರ್ಥ. ಪ್ರಚೋದನೆಯ ಮೂಲವನ್ನು ಬೇರೆಡೆ ಹುಡುಕಬೇಕು.

ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಬೇರಿಂಗಿನ ಸದ್ದು ಆಲಿಸುವ ಮೆಕ್ಯಾನಿಕ್‌ಗಳು ಈ ವಿವೇಚನೆಯ ಬಹುಭಾಗವನ್ನು ಅನುಭವದಿಂದಲೇ ಬಲ್ಲರು. ಆ ಅನುಭವದ ಜೊತೆಗೆ ಒಂದು ಪುಸ್ತಕದಲ್ಲಿ ರಸ್ತೆಯ ವೇಗ, ಗೇರು, ಭಾರವಿತ್ತೇ ಇಲ್ಲವೇ, ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ ಎಂಬ ನಾಲ್ಕು ಅಂಶಗಳನ್ನು ಪ್ರತಿ ಪರೀಕ್ಷೆಯಲ್ಲೂ ದಾಖಲಿಸಿದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ದೋಷದ ನೆಲೆ ಬಹುಮಟ್ಟಿಗೆ ನಿಶ್ಚಿತವಾಗುತ್ತದೆ. ತಯಾರಿಕೆ ನಿಂತುಹೋದ ಕಾರಿನ ಮೂಲ ಭಾಗ ಒಮ್ಮೆ ಗುಜರಿ ಸೇರಿದರೆ ಮರಳಿ ದೊರೆಯುವುದು ಕಷ್ಟವಾದುದರಿಂದ, ಬಿಚ್ಚುವ ಮುನ್ನ ನಡೆಯಬೇಕಾದ ಈ ಶೋಧವೂ ಸಂರಕ್ಷಣೆಯ ಕೆಲಸವೇ ಆಗಿದೆ.