ರಿಜಿಸ್ಟರ್ ಮದುವೆಗೂ ಮುಹೂರ್ತ ಉಂಟು

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದರೆ ಆಯಿತಲ್ಲ, ಅದಕ್ಕೇಕೆ ದಿನ ನೋಡಬೇಕು ಎಂದು ಕೇಳುವವರು ಬಹಳ. ಛತ್ರದಲ್ಲಿ ಮದುವೆಯಾಗಿ ನೋಂದಣಿಗಷ್ಟೇ ಬರುವವರ ದಾರಿ ಬೇರೆ. ಶಾಸ್ತ್ರವಿಲ್ಲದೆ, ವಿವಾಹಾಧಿಕಾರಿಯ ಎದುರೇ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ದಿನಗಳ ಲೆಕ್ಕ ಬಲು ಬಿಗಿ.

ಮೊದಲು ನೋಟೀಸ್, ಅಂದರೆ ಮದುವೆಯಾಗಲಿದ್ದೇವೆ ಎಂಬ ಲಿಖಿತ ತಿಳಿವಳಿಕೆ. ಅದನ್ನು ಕೊಡುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಕಚೇರಿಯ ಫಲಕದಲ್ಲಿ ನೋಟೀಸ್ ಅಂಟಿಸಿದ ದಿನದಿಂದ 30 ದಿನ ಆಕ್ಷೇಪಣೆಗೆ ಅವಕಾಶ. ಅದು ಮುಗಿಯುವವರೆಗೆ ಮದುವೆ ಆಗುವುದಿಲ್ಲ.

ಇನ್ನೊಂದು ಗಡುವು ಹಲವರಿಗೆ ತಿಳಿದಿರುವುದಿಲ್ಲ. ನೋಟೀಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದು. ಮತ್ತೆ ಮೊದಲಿನಿಂದ ಶುರು. ನವೆಂಬರ್ 3ರಂದು ನೋಟೀಸ್ ಕೊಟ್ಟು, ಅಂದೇ ಅಂಟಿಸಿದರು ಎನ್ನಿ. ಡಿಸೆಂಬರ್ ಮೊದಲ ವಾರ ಕಳೆದ ಮೇಲೆ, ಜನವರಿ ಮುಗಿಯುವುದರೊಳಗೆ ದಿನ ಗೊತ್ತು ಮಾಡಿಕೊಳ್ಳಿ. ಅಂಟಿಸುವುದು ತಡವಾದರೆ ಮೊದಲ ಲೆಕ್ಕ ಮುಂದಕ್ಕೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. ಹಾಗಾಗಿ ಯಾವತ್ತು ಅಂಟಿಸಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆರತಕ್ಷತೆಯ ಪತ್ರಿಕೆ ಅಚ್ಚು ಹಾಕಿಸುವುದು ಆಮೇಲಿರಲಿ.

ಮನೆಯ ಹಿರಿಯರು ರಾಹುಕಾಲ ಕೇಳಿಯೇ ಕೇಳುತ್ತಾರೆ. ಶುಕ್ರವಾರ ಅದು ಹತ್ತೂವರೆಯಿಂದ ಹನ್ನೆರಡು, ಕಚೇರಿಯ ಒಳ್ಳೆಯ ಹೊತ್ತೇ ಹೋಯಿತು. ಸೋಮವಾರ ಏಳೂವರೆಗೆ ಶುರುವಾಗಿ ಒಂಬತ್ತಕ್ಕೇ ಮುಗಿದಿರುತ್ತದೆ. ಬಾಗಿಲು ತೆರೆಯುವುದು ಹತ್ತಕ್ಕೆ. ಹಿರಿಯರ ಮನಸ್ಸಿಗೂ ನೆಮ್ಮದಿ. ಎರಡನೇ, ನಾಲ್ಕನೇ ಶನಿವಾರ ಸಾಮಾನ್ಯವಾಗಿ ರಜೆ.

ಮದುವೆಯ ದಿನ ಬೇಗ ಹೋಗಿ. ಸೈಟು, ಜಮೀನಿನ ನೋಂದಣಿಗೆ ಬಂದವರೂ ಅಲ್ಲೇ ಕಾಯುತ್ತಿರುತ್ತಾರೆ. ವಧೂವರರ ಜೊತೆ ಮೂವರು ಸಾಕ್ಷಿಗಳು ಬೇಕೇ ಬೇಕು. ಒಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಲ್ಲರೂ ಕಾಯಬೇಕಾದೀತು. ನಾಲ್ಕನೆಯವರೊಬ್ಬರನ್ನು ಗುರುತಿನ ಚೀಟಿ ಸಮೇತ ಕರೆದೊಯ್ಯಿರಿ. ಐವರೂ ಘೋಷಣಾ ಪತ್ರಕ್ಕೆ ಸಹಿ ಹಾಕಿದ ಮೇಲೆ, ನಿಮ್ಮನ್ನು ಪತಿಯಾಗಿ, ಪತ್ನಿಯಾಗಿ ಸ್ವೀಕರಿಸಿದ್ದೇನೆ ಎಂದು ಒಬ್ಬರಿಗೊಬ್ಬರು ಹೇಳಬೇಕು. ಕನ್ನಡದಲ್ಲೇ ಹೇಳಬಹುದು. ಇಲ್ಲಿ ಅವಸರ ಬೇಡ; ಮದುವೆ ಎಂದರೆ ಆ ಮಾತೇ.

ಸರ್ಕಾರಿ ಶುಲ್ಕ ಛತ್ರದ ಬಾಡಿಗೆಯ ಮುಂದೆ ಏನೂ ಅಲ್ಲ. ರಸೀದಿ ಕೇಳಿ ಪಡೆಯಿರಿ. ಅಧಿಕಾರಿ ಹತ್ತಿರದ ಬೇರೆ ಜಾಗಕ್ಕೆ ಬರಲೂ ಕಾಯ್ದೆಯಲ್ಲಿ ಅವಕಾಶವಿದೆ, ಅದಕ್ಕೆ ಹೆಚ್ಚುವರಿ ಶುಲ್ಕ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಆಧಾರ್, ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡಿ.