ಪಂಜೆ ಮಂಗೇಶರಾಯರೂ ಕನ್ನಡ ಶಾಲೆಯ ಮಕ್ಕಳೂ

ನಮ್ಮ ನಾಡಿನ ಆಧುನಿಕ ಚರಿತ್ರೆಯನ್ನು ಬರೆಯುವವರು ಆಡಳಿತದ ವರದಿಗಳನ್ನೂ ಪತ್ರಿಕೆಗಳನ್ನೂ ಶೋಧಿಸುವಷ್ಟು ಶ್ರದ್ಧೆಯಿಂದ ಪ್ರಾಥಮಿಕ ಶಾಲೆಯ ವಾಚನಪುಸ್ತಕಗಳನ್ನು ನೋಡುವುದು ವಿರಳ. ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೇ ನುಡಿಯ ಮಕ್ಕಳೆಂಬ ಅರಿವು ಬೆಳೆದುದರಲ್ಲಿ ಸಭೆಗಳ ಠರಾವುಗಳಿಗೆ ಎಷ್ಟು ಪಾಲುಂಟೋ, ಮಕ್ಕಳ ಬಾಯಿಪಾಠದ ಪದ್ಯಗಳಿಗೂ ಅಷ್ಟೇ ಪಾಲುಂಟೆಂದು ನಮ್ಮ ಅಭಿಪ್ರಾಯ. ಆ ಪದ್ಯಗಳ ಕರ್ತೃಗಳಲ್ಲಿ ಅಗ್ರಗಣ್ಯರು ‘ಕವಿಶಿಷ್ಯ’ ಪಂಜೆ ಮಂಗೇಶರಾಯರು.

ರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಕನ್ನಡವನ್ನು ಕಲಿತು ಬಳಸಿದವರಾದುದರಿಂದಲೇ ಅದರ ಒಂದೊಂದು ಶಬ್ದದ ನಾದಕ್ಕೂ ಅವರ ಕಿವಿ ಅಷ್ಟು ಎಚ್ಚರವಾಗಿತ್ತೋ ಏನೋ! ಬಡತನದಲ್ಲಿ ಓದಿ ಮೇಲೆ ಬಂದ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ತನಿಖಾಧಿಕಾರಿಗಳಾದರು. ಕೊನೆಗೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಬಂದ ‘ನನ್ನ ಚಿಕ್ಕ ತಾಯಿ’ಯಂತಹ ಬರಹಗಳಿಂದ ಕನ್ನಡ ಸಣ್ಣಕತೆಯ ಆದ್ಯರಲ್ಲಿ ಒಬ್ಬರೆಂದೂ ಅವರನ್ನು ಎಣಿಸುವುದುಂಟು. ಆ ವಿಷಯ ಪ್ರಸ್ತುತವಲ್ಲ.

ಪ್ರಸ್ತುತವಾದುದು ತನಿಖಾಧಿಕಾರಿಯ ಅನುಭವ. ತನಿಖೆಗೆ ಬಂದ ಸಾಹೇಬರೆಂದರೆ ಮಕ್ಕಳಿಗೆ ಭಯ. ಅದಕ್ಕಿಂತ ಹೆಚ್ಚಿನ ಭಯ ಉಪಾಧ್ಯಾಯರಿಗೆ. ಅಂದಿನ ತರಗತಿಗಳಲ್ಲಿ ಮಕ್ಕಳು ಒಪ್ಪಿಸುತ್ತಿದ್ದುದು ಬಹುಮಟ್ಟಿಗೆ ಹಿರಿಯರಿಗಾಗಿ ಹುಟ್ಟಿದ ಕಾವ್ಯಭಾಗಗಳನ್ನು, ಇಲ್ಲವೆ ಒಣ ನೀತಿಯನ್ನು. ಅರ್ಥ ತಿಳಿಯದಿದ್ದರೂ ಕಂಠಪಾಠ ತಪ್ಪುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡ ಅಧಿಕಾರಿ ಸುತ್ತೋಲೆಯೊಂದನ್ನು ಹೊರಡಿಸಿ ಸುಮ್ಮನಾಗಬಹುದಾಗಿತ್ತು. ರಾಯರು ಪದ್ಯ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳಿಗಾಗಿ ಬರೆಯುವುದು ವಿದ್ವಾಂಸರಿಗೆ ಅಗೌರವದ ಕೆಲಸವಲ್ಲವೆಂಬುದನ್ನು ತೋರಿಸಿದರು.

ಅವರ ‘ಹಾವಿನ ಹಾಡ’ನ್ನೇ ನೋಡಬಹುದು. ಮಗು ಹಾವನ್ನು ಹೊಗಳುತ್ತದೆ, ಕರೆಯುತ್ತದೆ, ಆಡೆನ್ನುತ್ತದೆ. ಕಡೆಗೆ ಹೊರಟುಹೋಗೆಂದು ಬೇಡುತ್ತದೆ. ಬೆರಗೂ ಅಂಜಿಕೆಯೂ ಹೀಗೆ ಒಂದರೊಳಗೊಂದು ಬೆರೆತಿರುವುದು ಮಗುವಿನ ಮನಸ್ಸಿನಲ್ಲಿಯೇ ಹೊರತು ಪಾಠ ಹೇಳುವವರ ಮನಸ್ಸಿನಲ್ಲಲ್ಲ. ಇಲ್ಲಿ ನೀತಿಯಿಲ್ಲ. ಇದ್ದರೆ ಪದ್ಯ ಕೆಡುತ್ತಿತ್ತು. ‘ತೆಂಕಣ ಗಾಳಿಯಾಟ’ದಲ್ಲಿ ಶಬ್ದಗಳೇ ಗಾಳಿಯಾಗಿ ಬೀಸುತ್ತವೆ, ಕಡಲನ್ನೇ ಕಾಣದ ಮಲಪ್ರಭೆಯ ದಂಡೆಯ ಮಗುವೂ ಅದನ್ನು ಓದಿದರೆ ಗಾಳಿಯ ರಭಸವನ್ನು ಅರಿಯಬಲ್ಲದು. ಕೊಡಗಿನ ಸುಗ್ಗಿಯ ಸಂಭ್ರಮದ ‘ಹುತ್ತರಿ ಹಾಡು’, ತುಳುವರ ಪಾಡ್ದನದಿಂದ ಬಂದ ‘ಕೋಟಿ ಚೆನ್ನಯ’ ಇವು ಆಯಾ ನೆಲದ ಸತ್ತ್ವವನ್ನು ಎಲ್ಲ ಕನ್ನಡಿಗರ ಸೊತ್ತಾಗಿಸಿದವು.

ನಮ್ಮ ಭಾಗದ ಸ್ಥಿತಿ ಬೇರೆ. ಕಮತಗಿ, ಇಳಕಲ್ಲುಗಳಂತಹ ನೇಕಾರರ ಊರುಗಳಲ್ಲಿ ಮಕ್ಕಳ ಸಾಹಿತ್ಯವೆಂಬುದು ಇರಲಿಲ್ಲವೆನ್ನುವಂತಿಲ್ಲ. ತೊಟ್ಟಿಲ ಬಳಿಯ ಜೋಗುಳ, ಸಂಜೆಯ ಒಗಟು, ಅಜ್ಜಿಯ ಕತೆ ಇವೆಲ್ಲ ಇದ್ದವು. ಶಾಲೆಯ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಜನರ ಬಾಯಲ್ಲಿದ್ದುದನ್ನು ಪುಸ್ತಕಕ್ಕೆ ತಂದರು. ಪಂಜೆಯವರ ದಾರಿ ಇದರ ವಿರುದ್ಧ ದಿಕ್ಕಿನದು: ಪುಸ್ತಕದಲ್ಲಿ ಬರೆದುದನ್ನು ಅವರು ಜನರ ಬಾಯಿಗೆ ತಂದರು. ಇವೆರಡನ್ನೂ ಜೊತೆಯಲ್ಲಿಟ್ಟು ಅಭ್ಯಸಿಸಿದ ಹೊರತು ಕನ್ನಡ ಶಿಶುಸಾಹಿತ್ಯದ ಚರಿತ್ರೆ ಪೂರ್ಣವಾಗದು.

1934ರಲ್ಲಿ ರಾಯಚೂರಿನಲ್ಲಿ ಸೇರಿದ ಸಾಹಿತ್ಯ ಸಮ್ಮೇಲನಕ್ಕೆ ರಾಯರು ಅಧ್ಯಕ್ಷರಾದರು. ಹುನಗುಂದ ತಾಲೂಕಿನ ಎಲ್ಲೆ ದಾಟಿದರೆ ಅಂದು ನಿಜಾಮರ ಸೀಮೆ. ಅಲ್ಲಿ ಆಡಳಿತದ ನುಡಿ ಉರ್ದು. ಅಂತಹ ನೆಲದಲ್ಲಿ ಕನ್ನಡದ ಗೌರವಪೀಠ ಸಂದುದು ಮಹಾಕಾವ್ಯ ಬರೆದವರಿಗಲ್ಲ, ಮಕ್ಕಳಿಗೆ ಪದ್ಯ ಬರೆದ ನಿವೃತ್ತ ಉಪಾಧ್ಯಾಯರಿಗೆ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರ 25ರಂದು, ಅದೇ ರಾಜ್ಯದ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿಯೇ ಅವರು ತೀರಿಕೊಂಡರು.

ಅವರ ಬರಹಗಳು ಮುಂದೆ ಸಂಪುಟಗಳಾಗಿ ಹೊರಬಂದಿವೆ. ಆದರೆ ಒಂದು ಪದ್ಯ ಯಾವ ತರಗತಿಗೆ, ಯಾವ ಚಿತ್ರದೊಡನೆ, ಯಾವ ಪಾಠದ ಪಕ್ಕದಲ್ಲಿ ಅಚ್ಚಾಗಿತ್ತೆಂಬುದನ್ನು ಸಂಪುಟ ಹೇಳಲಾರದು. ಅದನ್ನು ಹೇಳಬೇಕಾದುದು ಹಳೆಯ ವಾಚನಪುಸ್ತಕವೇ. ಅಂತಹ ಪುಸ್ತಕಗಳು ಹಳ್ಳಿಯ ಮನೆಗಳ ಅಟ್ಟಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಹರಿದ ಪ್ರತಿಯಾದರೂ ಸರಿ, ರಟ್ಟು ಹೋಗಿದ್ದರೂ ಸರಿ, ತಂದು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಕೋರುತ್ತೇವೆ.